ಹನ್ನೊಂದು ಮಂದಿಯಲ್ಲಿ ಇಲ್ಲದವಳು

ನಾಗಕ್ಕ ಸುಳ್ಳು ಹೇಳಿರಲಿಲ್ಲ. ಒಂದು ಮಾತಿನ ಅರ್ಧ ಹೇಳಿದ್ದಳು. ಉಳಿದರ್ಧ ಹೇಳುವಷ್ಟರಲ್ಲಿ ಗಿರಣಿಯಲ್ಲಿ ಅವಳ ರಾಗಿಯ ಸರದಿ ಬಂದುಬಿಟ್ಟಿತ್ತು, ಅಷ್ಟೆ.

“ನಮ್ಮ ಕಾವ್ಯಶ್ರೀ ಗೋವಾದಾಗೆ ನಡೆಯೋ ಫುಟ್‌ಬಾಲಿಗೆ ಆಯ್ಕೆ ಆಗ್ಯಾಳೆ ಕಣ್ರೆ. ದೇಶ ದೇಶದ ಹುಡುಗೀರು ಬರ್ತಾರಂತೆ” ಎಂದಿದ್ದಳು. ಅಷ್ಟೂ ನಿಜವೇ. ಹದಿನೈದು ವರ್ಷದ ಮಗಳು ಕ್ರೀಡಾ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಆ ಹಾಸ್ಟೆಲ್ಲಿನ ಆರು ಹುಡುಗಿಯರನ್ನು ಅಂತರರಾಷ್ಟ್ರೀಯ ಪಂದ್ಯಾವಳಿಗೆ ಆರಿಸಿದ್ದರು. ಆಡುವುದಕ್ಕೆ ಬೇರೆಯವರಿದ್ದರು, ಗೆರೆ ದಾಟಿ ಹೊರಗೆ ಹೋದ ಚೆಂಡನ್ನು ಓಡಿಹೋಗಿ ಎತ್ತಿಕೊಡುವುದು ಇವರ ಕೆಲಸ. ಈ ಎರಡನೆಯ ಭಾಗಕ್ಕೆಂದು ನಾಗಕ್ಕ ಬಾಯಿ ತೆರೆದಾಗಲೇ ಗಿರಣಿಯವನು ಅವಳ ಡಬ್ಬಿ ಎತ್ತಿಕೊಂಡ. ರಾಗಿ ಹಿಟ್ಟಾಗಿ ಹೊರಬರುವಷ್ಟರಲ್ಲಿ ಮಗಳು ಭಾರತ ತಂಡ ಸೇರಿದ್ದಳು. ಹಿಟ್ಟು ಮನೆ ಮುಟ್ಟುವಷ್ಟರಲ್ಲಿ ತಂಡದ ನಾಯಕಿಯಾಗಿದ್ದಳು. ಮೂರನೆಯ ದಿನ ಹಿರೇಗುಂಟನೂರಿನ ಬಸ್‌ಸ್ಟಾಪಿನಲ್ಲಿ ಆಳೆತ್ತರದ ಫ್ಲೆಕ್ಸು ಎದ್ದು ನಿಂತಿತು. ಯಾವುದೋ ಆಟಗಾರ್ತಿಯ ಮೈಗೆ ಕಾವ್ಯಶ್ರೀಯ ಆಧಾರ್ ಕಾರ್ಡಿನ ಮುಖ ಅಂಟಿಸಿದ್ದರು. ಹುಡುಗಿ ಕಳ್ಳನನ್ನು ಕಂಡವಳಂತೆ ಬೆಚ್ಚಿಬಿದ್ದು ನೋಡುತ್ತಿದ್ದಳು. ಸುತ್ತ ಮೂವತ್ತೆರಡು ಹಿತೈಷಿಗಳು. ಅವರ ನಡುವೆ ಎಲ್ಲರಿಗಿಂತ ದೊಡ್ಡದಾಗಿ, ಕಪ್ಪು ಕನ್ನಡಕ ಹಾಕಿಕೊಂಡು, ನಾಗಕ್ಕನ ಗಂಡ ಮುದ್ದಣ್ಣ. ಮಗಳ ಸುದ್ದಿ ಅವನಿಗೆ ತಲುಪಿದ್ದೂ ಗಿರಣಿಯ ದಾರಿಯಿಂದಲೇ.

ನಿಜ ಹೇಳಿಬಿಡಬೇಕೆಂದು ನಾಗಕ್ಕ ಮೂರು ಸಲ ಹೊರಟಳು. ಮೊದಲ ಸಲ ಬಾಯಿಗೆ ಸಕ್ಕರೆ ಹಾಕಿದರು. ಎರಡನೆಯ ಸಲ ಕುಂಕುಮವಿಟ್ಟು ಹೂವು ಮುಡಿಸಿದರು. ಮೂರನೆಯ ಸಲ ಯಾರೂ ಏನೂ ಕೊಡಲಿಲ್ಲ. “ಕಾವ್ಯನ ತಾಯಿ ಬಂದ್ಲು, ಜಾಗ ಬಿಡ್ರೇ” ಎಂದು ನಲ್ಲಿಯ ಹತ್ತಿರ ಸರಿದು ನಿಂತರು. ಇಪ್ಪತ್ತೆರಡು ವರ್ಷ ಆ ಊರಿನಲ್ಲಿ ಅವಳು ಮುದ್ದಣ್ಣನ ಹೆಂಡತಿಯಾಗಿ ನೀರು ಹಿಡಿದಿದ್ದಳು. ಯಾರೂ ಜಾಗ ಬಿಟ್ಟಿರಲಿಲ್ಲ. ಅವತ್ತು ಕೊಡ ತುಂಬುವವರೆಗೆ ಮಾತ್ರ ಸುಮ್ಮನಿದ್ದುಬಿಡೋಣ ಎಂದುಕೊಂಡಳು. ಕೊಡ ತುಂಬಿತು. ಸೊಂಟಕ್ಕೆ ಬಂತು. ಮನೆಗೂ ಬಂತು.

ಅಷ್ಟರಲ್ಲಿ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಬಸಮ್ಮ ಸಭೆ ಕರೆದಿದ್ದಳು. ಬಸಮ್ಮನದು ಊರ ನಡುವೆ ಕಿರಾಣಿ ಅಂಗಡಿ. ಅವಳ ತಕ್ಕಡಿಯಲ್ಲಿ ಬೆಲ್ಲ ಎಷ್ಟು ತೂಗುತ್ತಿತ್ತೋ ಊರ ಸುದ್ದಿಯೂ ಅಷ್ಟೇ ತೂಗುತ್ತಿತ್ತು. “ನಮ್ಮೂರ ಹುಡುಗಿ ದೇಶಕ್ಕೆ ಆಡಾವಾಗ ನಾವು ರೊಟ್ಟಿ ತಟ್ಕಂಡು ಕುಂತ್ರೆ ಚೆಂದಾಗಿರಲ್ಲ. ಎಂಟು ಜನ ಹೋಗಾಣ” ಎಂದಳು. ಹೊಳಲ್ಕೆರೆಗೆ ಸೀರೆ ತರಲು ಹೋಗುತ್ತೇನೆಂದರೂ ನಾಲ್ಕು ಸಲ ಯಾಕೆ ಎಂದು ಕೇಳುವ ಗಂಡಸರು, ಫ್ಲೆಕ್ಸಿನಲ್ಲಿ ತಮ್ಮ ತಮ್ಮ ಫೋಟೋ ನೋಡಿಕೊಂಡು, ಹೂಂ ಎಂದರು.

ಹಾಗಾಗಿ ಆ ಬೆಳಿಗ್ಗೆ ಏಳು ಗಂಟೆಗೆ ನಾಗಕ್ಕ ಮಡಗಾಂವಿನ ಒಂದು ಪೆಟ್ರೋಲ್ ಬಂಕಿನ ಹಿಂದೆ ನಿಂತು ಹಲ್ಲುಜ್ಜುತ್ತಿದ್ದಳು. ರಾತ್ರಿಯೆಲ್ಲ ಟೆಂಪೋ ಟ್ರಾವೆಲರಿನಲ್ಲಿ ಏಳು ಜನ ಹಾಡು ಹೇಳಿದ್ದರು, ಅವಳೊಬ್ಬಳು ಲೆಕ್ಕ ಹಾಕಿದ್ದಳು. ಪಂದ್ಯ ಸಂಜೆ ನಾಲ್ಕೂವರೆಗೆ. ಇನ್ನು ಒಂಬತ್ತೂವರೆ ತಾಸು. ಅಷ್ಟರೊಳಗೆ ಈ ಏಳು ಜನ ಮೈದಾನಕ್ಕೆ ಹೋಗದ ಹಾಗೆ ಮಾಡಬೇಕು, ಇಲ್ಲವೇ ನಿಜ ಹೇಳಬೇಕು. ಅವಳಿಗೆ ತನ್ನ ಮಾನದ ಚಿಂತೆ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಕಣ್ಣೆದುರು ಬರುತ್ತಿದ್ದುದು ಬೇರೆ: ಆಟ ಮುಗಿದ ಮೇಲೆ ಕಾವ್ಯ ನಗುತ್ತ ಓಡಿಬರುತ್ತಾಳೆ, ಊರವರು ಅವಳನ್ನು ಮೇಲಿಂದ ಕೆಳಗೆ ನೋಡಿ “ಚೆಂಡು ಎತ್ತಿಕೊಡಾಕಾ?” ಎನ್ನುತ್ತಾರೆ. ಆರು ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದು ಓಡಿ, ನೂರು ಹುಡುಗಿಯರಲ್ಲಿ ಆಯ್ಕೆಯಾಗಿ ಬಂದ ಮಗು. ಅದರ ಮುಖದ ನಗು ತಾಯಿಯ ಅರ್ಧ ಮಾತಿನಿಂದ ಆರಿಹೋಗಬೇಕೆ? ಮಗಳಿಗೆ ಮುಂಚೆಯೇ ತಿಳಿಸೋಣವೆಂದರೆ ಹುಡುಗಿಯರ ಫೋನುಗಳನ್ನೆಲ್ಲ ಕೋಚು ಇಸಿದುಕೊಂಡಿದ್ದರು.

“ಯಾಕೆ ನಾಗಕ್ಕ, ಬ್ರಷ್ ನುಂಗಿಬಿಡ್ತೀಯೇನೋ ಅನ್ನಂಗೆ ಉಜ್ಜತಿದೀಯ?” ಎಂದಳು ದೀಪಾ. ಕೇಬಲ್ ಟೀವಿ ನಡೆಸುವ ಮಂಜಣ್ಣನ ಹೆಂಡತಿ, ಗುಂಪಿಗೆಲ್ಲ ಕಿರಿಯವಳು. ನಿನ್ನೆ ಊರು ಬಿಟ್ಟಾಗಿನಿಂದ ಸುಮ್ಮಸುಮ್ಮನೆ ನಗುತ್ತಿದ್ದಳು.

“ಏನಿಲ್ಲ ಕಣೆ. ಇನ್ನೂ ಹೊತ್ತೈತಲ್ಲ, ಸಮುದ್ರ ನೋಡ್ಕಂಡು ಬರಾಣ ಅಂತ.”

ಇದು ನಾಗಕ್ಕನ ಮೊದಲ ಉಪಾಯ. ಬಯಲುಸೀಮೆಯ ಹೆಂಗಸರನ್ನು ನೀರಿಗೆ ಬಿಟ್ಟರೆ ಹೊರಗೆ ಎಳೆಯುವುದು ಕಷ್ಟ ಎಂದು ಅವಳಿಗೆ ಗೊತ್ತಿತ್ತು.

ಕೋಲ್ವಾ ದಂಡೆ ಕಂಡ ಕೂಡಲೇ ಏಳು ಜೊತೆ ಚಪ್ಪಲಿ ಮರಳಿನ ಮೇಲೆ ಬಿದ್ದವು. ಬಸಮ್ಮ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ ಅಲೆಯನ್ನು ಗದರಿಸುತ್ತ ಹಿಂದಕ್ಕೂ ಮುಂದಕ್ಕೂ ಓಡತೊಡಗಿದಳು. ಎಪ್ಪತ್ತೆರಡು ವರ್ಷದ ಉಚ್ಚಂಗೆಮ್ಮ, ಊರಿಗೆಲ್ಲ ಅಜ್ಜಿ, ಹೋದ ತಿಂಗಳಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡವಳು, ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

“ಇಷ್ಟೊಂದು ನೀರ ಇಲ್ಲಿ ಸುಮ್ನೆ ಬಿಟ್ಟವ್ರಲ್ಲ. ನಮ್ಮ ಕಡೀಕೆ ಒಂದು ಪೈಪಾದ್ರೂ ಎಳೀಬಾರ್ದಿತ್ತಾ?”

“ಉಪ್ಪು ಅಜ್ಜಿ. ಕುಡಿಯಾಕೆ ಬರಲ್ಲ” ಎಂದಳು ದೀಪಾ.

“ನಮ್ಮೂರ ಬೋರಿಂದು ಏನ್ ಕಲ್ಲುಸಕ್ಕರೆನಾ?”

ಅಜ್ಜಿಯೂ ನೀರಿಗಿಳಿದಳು. ಒಂಬತ್ತಾಯಿತು, ಹತ್ತಾಯಿತು, ಹನ್ನೊಂದಾಯಿತು. ಯಾರೂ ಮೇಲೆ ಬರಲಿಲ್ಲ. ಕಡಲೆ ಹೊಲದ ಕಡೆ ಬೆನ್ನು ಹಾಕಿ ಮೇಯುವ ಕುರಿಯನ್ನು ನೋಡುವಂತೆ ನಾಗಕ್ಕ ಸಮಾಧಾನದಿಂದ ನೋಡುತ್ತ ಕುಳಿತಳು. ಅಷ್ಟು ದೂರ ಬಂದು ಸಮುದ್ರವನ್ನು ಮಾತ್ರ ಅವಳು ನೋಡಲೇ ಇಲ್ಲ. ನೋಡಿದ್ದೆಲ್ಲ ಮೊಬೈಲಿನ ಗಡಿಯಾರ. ಡ್ರೈವರ್ ತಿಪ್ಪೇಶ ಅಷ್ಟು ದೂರದಲ್ಲಿ ಒಬ್ಬ ವಿದೇಶಿ ಹೆಂಗಸಿನ ಪಕ್ಕ ನಿಂತು, ಅವಳ ಟೋಪಿಯನ್ನು ತಾನು ಹಾಕಿಕೊಂಡು, ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಿದ್ದ. ತೆಗೆಯುತ್ತಿದ್ದವಳು ಬಸಮ್ಮ.

ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದಾಯಿತು. ಒಂದೂವರೆಗೆ ನಾಗಕ್ಕ ಮೆಲ್ಲಗೆ ಶುರು ಮಾಡಿದಳು. “ಎಷ್ಟು ಬಿಸಿಲು ನೋಡಕ್ಕ. ಅಜ್ಜಿಗೆ ತಲೆ ಸುತ್ತು ಬಂದಾತು. ಇಲ್ಲೇ ನೆರಳಾಗೆ ಇದ್ದುಬಿಡಾಣ. ಆಟ ಏನು, ಟೀವಿಯಾಗೂ ತೋರಿಸ್ತಾರೆ.”

ಟೀವಿ ಎಂದ ಕೂಡಲೇ ದೀಪಾಳಿಗೆ ನೆತ್ತಿಗೇರಿ ಕೆಮ್ಮು ಬಂತು. ಬಸಮ್ಮ ಅವಳ ಬೆನ್ನಿಗೆ ಗುದ್ದುತ್ತ, “ಅದೆಂಗಾಗುತ್ತೆ? ಆಟ ನೋಡ್ದೆ ಹೋದ್ರೆ ಗಂಡಸ್ರು ಕೇಳಿದ್ದಕ್ಕೆ ಏನ್ ಹೇಳಾದು? ಏಳ್ರಿ, ಏಳ್ರಿ” ಎಂದಳು.

ನಾಗಕ್ಕನ ಹತ್ತಿರ ಎರಡನೆಯ ಉಪಾಯವಿತ್ತು. “ನಿನ್ನ ಮಗಳ ಆಟ, ಟಿಕೆಟು ನಿನ್ ಹತ್ರನೇ ಇರ್ಲಿ” ಎಂದು ಬಸಮ್ಮ ಊರಿನಲ್ಲೇ ಅವಳ ಕೈಗೆ ಒಂದು ಲಕೋಟೆ ಕೊಟ್ಟಿದ್ದಳು. ಎಲ್ಲರೂ ಕಾಲಿನ ಮರಳು ಕೊಡವುವ ಗಲಾಟೆಯಲ್ಲಿದ್ದಾಗ ನಾಗಕ್ಕ ಒಂದು ದೋಣಿಯ ಮರೆಗೆ ಹೋಗಿ, ಮೊಣಕೈ ಆಳದ ಗುಂಡಿ ತೋಡಿ, ಎಂಟೂ ಟಿಕೆಟನ್ನು ಅದರಲ್ಲಿಟ್ಟು ಮರಳು ಮುಚ್ಚಿದಳು. ಮೇಲೆ ಕಾಲಿನಿಂದ ತುಳಿದಳು. ಜನ್ಮದಲ್ಲಿ ಇಷ್ಟು ದೊಡ್ಡ ಕಳ್ಳತನ ಅವಳು ಮಾಡಿರಲಿಲ್ಲ. ಎದೆ ಗಿರಣಿಯ ಬೆಲ್ಟಿನಂತೆ ಹೊಡೆದುಕೊಳ್ಳುತ್ತಿತ್ತು. ಗಾಡಿಯ ಹತ್ತಿರ ಬಂದವಳೇ ಚೀಲ ತಡಕಾಡಿ, ಸೆರಗು ಕೊಡವಿ, ಅಳುವ ಧ್ವನಿ ಮಾಡಿದಳು.

“ಅಕ್ಕಾ, ಟಿಕೆಟಿನ ಕವರು ಕಾಣ್ತಿಲ್ಲ. ನೀರಾಗೆ ಹೋತೋ ಏನೋ. ನಾನೆಂಥ ಪಾಪಿ.”

ಅಳು ಬಹಳ ಚೆನ್ನಾಗಿ ಬಂತು, ಯಾಕೆಂದರೆ ಅರ್ಧ ನಿಜದ ಅಳುವೇ.

ಬಸಮ್ಮ ಸಮಾಧಾನವಾಗಿ ಕುಬುಸದೊಳಗೆ ಕೈ ಹಾಕಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಟ್ಟು ತೆಗೆದಳು. “ಅಳಬ್ಯಾಡ. ನಿನ್ನ ಹತ್ರ ಇದ್ದದ್ದು ಜೆರಾಕ್ಸು. ಅಸಲು ಇಲ್ಲೈತೆ. ಸೊಸೈಟಿ ಸಾಲಕ್ಕೆ ಅರ್ಜಿ ಹಾಕಿ ಹಾಕಿ ನಂಗೆ ಇದು ರೂಢಿ. ಇನ್ನೊಂದು ಸೆಟ್ಟು ತಿಪ್ಪೇಶನ ಸೀಟಿನ ಕೆಳಗೈತೆ.”

ನಾಗಕ್ಕ ಕಣ್ಣೊರೆಸಿಕೊಂಡಳು. ಈ ಸಲ ಬಂದದ್ದು ಪೂರ್ತಿ ನಿಜದ ಅಳು.

ಮೈದಾನದ ಗೇಟಿನಲ್ಲಿ ಅವಳಿಗೆ ಕೊನೆಯ ಆಸೆಯೊಂದು ಹುಟ್ಟಿತು. ಒಳಗೆ ಹೋಗುವವರ ಚೀಲಗಳನ್ನೆಲ್ಲ ತೆಗೆಸಿ ನೋಡುತ್ತಿದ್ದರು. ಬಾಟಲಿ ಬೇಡ, ಬೆಂಕಿಪೊಟ್ಟಣ ಬೇಡ, ಬಾಚಣಿಗೆಯೂ ಬೇಡ. ಬಸಮ್ಮನ ಚೀಲದಲ್ಲಿ ಹುಡುಗಿಗೆ ಸನ್ಮಾನ ಮಾಡಲೆಂದು ಮೈಸೂರು ಪೇಟ, ಏಲಕ್ಕಿ ಹಾರ, ಕರೀ ಕಂಬಳಿ, ಎರಡು ತೆಂಗಿನಕಾಯಿ, ಕರ್ಪೂರ, ಐದು ನಿಂಬೆಹಣ್ಣು, ಆರತಿ ತಟ್ಟೆ ಇದ್ದವು. ಇಷ್ಟನ್ನು ನೋಡಿದರೆ ಯಾವ ದೇಶದ ಪೊಲೀಸರಾದರೂ ಓಡಿಸಬೇಕು.

ಚೀಲ ಬಿಚ್ಚಿದ ಸೆಕ್ಯೂರಿಟಿ ಹೆಂಗಸು ಕಾಯಿಯನ್ನು ಎತ್ತಿ ಹಿಡಿದು ಹಿಂದಿಯಲ್ಲಿ ಏನೋ ಕೇಳಿದಳು. ಯಾರಿಗೂ ಅರ್ಥವಾಗಲಿಲ್ಲ.

“ಅಮ್ಮಣ್ಣಿ, ಅದು ಕಾಯಿ ಕಣವ್ವ, ಕಾಯಿ” ಎಂದಳು ಉಚ್ಚಂಗೆಮ್ಮ.

ಸೆಕ್ಯೂರಿಟಿಯ ಮುಖ ಅರಳಿತು. “ಅಯ್ಯ, ನಮ್ಮ ಕಡಿಯವ್ರಾ? ನಾ ರೋಣದಾಕಿ. ಗಂಡ ಇಲ್ಲೆ ಗೌಂಡಿ ಕೆಲ್ಸಕ್ಕ ಬಂದಾನ. ಯಾವ ಊರು ಯಕ್ಕಾ ನಿಮ್ದು?”

“ಚಿತ್ರದುರ್ಗದ ಹತ್ರ.”

“ಕಾಯಿ ಒಳಗ ಬಿಡಂಗಿಲ್ಲ ಯಕ್ಕಾ. ಯಾರರ ತಲಿಗೆ ಒಗದ್ರ ನನ್ನ ಕೆಲ್ಸ ಹೋಗತೈತಿ.”

ನಾಗಕ್ಕ ಮುಂದೆ ಬಂದಳು. “ಅವ್ರು ಹೇಳಾದು ಸರಿ ಐತೆ. ಕಾನೂನು ಅಂದ್ರೆ ಕಾನೂನು. ಎಲ್ರೂ ವಾಪಸ್ ಹೋಗಾಣ ನಡೀರಿ.”

“ವಾಪಸ್ ಯಾಕೆ ಹೋಗಾಣ? ಇಲ್ಲೇ ಒಡೆದ್ರಾತು” ಎಂದ ಉಚ್ಚಂಗೆಮ್ಮ, ಮಾತು ಮುಗಿಯುವ ಮೊದಲೇ ಫುಟ್‌ಪಾತಿನ ಅಂಚಿಗೆ ಎರಡೂ ಕಾಯಿ ಒಡೆದು, ಸೆಕ್ಯೂರಿಟಿಯ ಕೈಗೆ ಒಂದು ಹೋಳು, ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ಬಿಳಿಯನ ಕೈಗೆ ಒಂದು ಹೋಳು ಕೊಟ್ಟಳು. ಅವನು ಟಿಕೆಟಿನ ಜೊತೆ ಕೊಡುವ ಪದ್ಧತಿಯೆಂದು ತಿಳಿದು ಥ್ಯಾಂಕ್ಸ್ ಹೇಳಿದ.

“ಯಾರ ಹೆಸ್ರಿಗೆ ಒಡದ್ರಿ?” ಸೆಕ್ಯೂರಿಟಿ ಕಾಯಿ ಕಡಿಯುತ್ತ ಕೇಳಿದಳು.

“ನಮ್ಮೂರ ಹುಡುಗಿ ಹೆಸ್ರಿಗೆ. ಇವತ್ತು ಒಳಗೆ ಆಡ್ತಾಳೆ. ಇವಳೇ ಅವಳ ತಾಯಿ” ಎಂದು ಬಸಮ್ಮ ನಾಗಕ್ಕನನ್ನು ಮುಂದಕ್ಕೆ ನೂಕಿದಳು.

ಸೆಕ್ಯೂರಿಟಿ ನಾಗಕ್ಕನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. “ನಮ್ಮ ಕಡೀ ಹುಡುಗಿ ಇಲ್ಲಿ ಆಡ್ತಾಳೇನು? ನೀವು ಅಲ್ಲೆ ಮ್ಯಾಲ ಮೂಲ್ಯಾಗ ಕುಂತ್ರ ಏನು ಕಾಣತೈತಿ? ಬರ್ರಿ, ನಾ ಹೇಳ್ತೇನಿ” ಎಂದು ಯಾರಿಗೋ ಕೈಸನ್ನೆ ಮಾಡಿ, ಮತ್ಯಾರ ಹತ್ತಿರವೋ ಕೊಂಕಣಿಯಲ್ಲಿ ಜಗಳವಾಡಿ, ಎಂಟು ಜನರನ್ನೂ ಕರೆದೊಯ್ದು ಗೋಲಿನ ಹಿಂದೆ ಎರಡನೆಯ ಸಾಲಿನಲ್ಲಿ ಕೂರಿಸಿದಳು. ಅಲ್ಲಿಂದ ಆಟಗಾರ್ತಿಯರ ಮೂಗಿನ ಬೆವರೂ ಕಾಣುತ್ತಿತ್ತು. ಮೇಲಿನ ಮೂಲೆಯಲ್ಲಾದರೆ ಯಾರು ಯಾರೆಂದು ಗೊತ್ತಾಗದೆ ಹೇಗೋ ಪಾರಾಗುತ್ತಿದ್ದ ನಾಗಕ್ಕ, ಆ ಪುಣ್ಯಾತ್ಮಳಿಗೆ ಕೈಮುಗಿದು ಕುರ್ಚಿಯ ಅಂಚಿನಲ್ಲಿ ಕುಳಿತಳು.

ಮೈದಾನ ಅವರ ಊರಿನ ಕೆರೆಯಂಗಳಕ್ಕಿಂತ ದೊಡ್ಡದಿತ್ತು. ಕೆರೆಯಂಗಳಕ್ಕೂ ಇದಕ್ಕೂ ಇದ್ದ ವ್ಯತ್ಯಾಸ, ಇದು ಹಸಿರಾಗಿತ್ತು. ಎರಡು ತಂಡಗಳು ಸಾಲಾಗಿ ಬಂದು ನಿಂತವು. ರಾಷ್ಟ್ರಗೀತೆಗೆ ಎಲ್ಲರೂ ಎದ್ದರು. ನೀಲಿ ಅಂಗಿಯ ನಮ್ಮ ಹನ್ನೊಂದು ಹುಡುಗಿಯರ ಮುಖವನ್ನೂ ದೊಡ್ಡ ಪರದೆಯ ಮೇಲೆ ಒಂದೊಂದಾಗಿ ತೋರಿಸಿದರು. ಒಂದು, ಎರಡು, ಮೂರು. ನಾಗಕ್ಕ ಉಸಿರು ಹಿಡಿದಳು. ಏಳು, ಎಂಟು. ಎಡಕ್ಕೆ ಬಸಮ್ಮ, ಬಲಕ್ಕೆ ಅಜ್ಜಿ. ಹನ್ನೊಂದು. ಮುಗಿಯಿತು.

ಈಗ ಕೇಳುತ್ತಾರೆ. ಈಗ ಕೇಳಿಯೇ ಕೇಳುತ್ತಾರೆ.

ಯಾರೂ ಕೇಳಲಿಲ್ಲ. ಬಸಮ್ಮ ಪಾಪ್‌ಕಾರ್ನ್ ಮಾರುವವನನ್ನು ಕರೆದು ದೊಡ್ಡ ಪೊಟ್ಟಣ ಕೊಡೆಂದಳು. ದೀಪಾ ಸೆಲ್ಫಿ ತೆಗೆದುಕೊಂಡಳು. ಆಟ ಶುರುವಾಗಿ ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಬೈಯುವವರು ಬೈಯದೆ ಸುಮ್ಮನಿದ್ದರೆ ಆಗುವ ಸಂಕಟ ನಾಗಕ್ಕನಿಗೆ ಶುರುವಾಯಿತು. ಕೊನೆಗೆ ಅವಳೇ ಬಾಯಿ ಬಿಟ್ಟಳು.

“ಕಾವ್ಯ... ಆಮೇಲೆ ಬರ್ತಾಳೆ ಅನ್ಸುತ್ತೆ ಅಕ್ಕ.”

“ಬರ್ಲಿ ಬಿಡು. ಅವಸರ ಏನೈತೆ” ಎಂದಳು ಬಸಮ್ಮ, ಬಾಯಿ ತುಂಬ ಪಾಪ್‌ಕಾರ್ನಿಟ್ಟುಕೊಂಡು.

ಅಷ್ಟರಲ್ಲಿ ಉಚ್ಚಂಗೆಮ್ಮನ ಹೊಸ ಕಣ್ಣು ಮೈದಾನದ ಅಂಚಿನಲ್ಲೆಲ್ಲ ಓಡಾಡಿ ಒಂದು ಕಡೆ ನಿಂತಿತು. “ಅಗಾ, ಆ ಬಲೆ ಪಕ್ಕದಾಗೆ, ಹಳದಿ ಅಂಗಿ ಹಾಕ್ಕಂಡು ಸಣ್ಣ ಸ್ಟೂಲ್ ಮ್ಯಾಲೆ ಕುಂತಾಳಲ್ಲ, ಅವಳು ನಮ್ಮ ಕಾವ್ಯ ಅಲ್ವೇನೆ?”

ಕಾವ್ಯಳೇ. ಇಪ್ಪತ್ತು ಮಾರು ದೂರದಲ್ಲಿ ಕುಳಿತಿದ್ದಳು. ಮಡಿಲಲ್ಲಿ ಒಂದು ಚೆಂಡು. ಬೆನ್ನು ನೆಟ್ಟಗೆ, ಕಣ್ಣು ಆಟದ ಮೇಲೆ.

ನಾಗಕ್ಕನೊಳಗೆ ಹದಿನೆಂಟು ದಿನದಿಂದ ಬಿಗಿದಿದ್ದ ಹಗ್ಗ ತುಂಡಾಯಿತು. “ಅವಳು ಆಡಲ್ಲ” ಎಂದಳು. “ಅವಳು ತಂಡದಾಗಿಲ್ಲ. ಹೊರಗೆ ಹೋದ ಚೆಂಡು ಎತ್ತಿಕೊಡಾಕೆ ಬಂದಾಳೆ. ಗಿರಣಿಯಾಗೆ ಅರ್ಧ ಹೇಳಿದ್ದೆ, ನೀವು ಪೂರ್ತಿ ಕೇಳ್ಲಿಲ್ಲ, ಆಮೇಲೆ ನಂಗೆ ಹೇಳಾಕೆ ಆಗ್ಲಿಲ್ಲ. ನಲ್ಲಿ ಹತ್ರ ಜಾಗ ಬಿಟ್ರಲ್ಲ, ಅದು ಹಿತವಾಗಿತ್ತು. ಟಿಕೆಟು ಮರಳಾಗೆ ಹೂತಿದ್ದೂ ನಾನೇ. ನನ್ನ ಏನು ಬೇಕಾದ್ರೂ ಬೈರಿ. ಹುಡುಗಿ ಬಂದಾಗ ಮಾತ್ರ ಮುಖ ಸಣ್ಣದು ಮಾಡ್ಬೇಡ್ರಿ. ಅವಳಿಗೆ ಇದ್ಯಾವ್ದೂ ಗೊತ್ತಿಲ್ಲ.”

ಬಸಮ್ಮ ಬಾಯಿಯಲ್ಲಿದ್ದುದನ್ನು ಪೂರ್ತಿ ಅಗಿದು ನುಂಗಿದಳು.

“ಮುಗೀತಾ?”

“ಹೂಂ.”

“ತಗಾ, ತಿನ್ನು” ಎಂದು ಪೊಟ್ಟಣ ಅವಳ ಮಡಿಲಿಗಿಟ್ಟಳು. “ನಮಗೆ ಗೊತ್ತು ಕಣೆ.”

“ಏನು ಗೊತ್ತು?”

“ಎಲ್ಲ. ಫ್ಲೆಕ್ಸ್ ಹಾಕಿದ ಮಾರನೇ ದಿನವೇ ಡ್ರಿಲ್ ಮಾಸ್ತರ ಹೆಂಡ್ತಿ ನನ್ನ ಅಂಗಡಿಗೆ ಬೆಲ್ಲಕ್ಕೆ ಬಂದಿದ್ಲು. ಅವಳೇ ಹೇಳಿದ್ಲು. ಸಂಜೆ ಹೊತ್ತಿಗೆ ಊರ ಹೆಂಗಸ್ರಿಗೆಲ್ಲ ಗೊತ್ತು.”

ನಾಗಕ್ಕ ಪೊಟ್ಟಣವನ್ನು ಪಕ್ಕಕ್ಕಿಟ್ಟಳು. ಸಾಲಿನ ತುದಿಯಿಂದ ದೀಪಾಳ ನಗು ಕೇಳಿತು. ನಾಗಕ್ಕ ಕೇಳಿದಳು: “ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ? ಟೆಂಪೋ ಮಾಡ್ಕಂಡು ಇಲ್ಲಿಗಂಟ ಯಾಕೆ ಬಂದ್ರಿ?”

“ನೋಡು, ನಂದು ಮದುವೆಯಾಗಿ ಮೂವತ್ತೊಂದು ವರ್ಷ” ಎಂದಳು ಬಸಮ್ಮ. “ಸಮುದ್ರ ನೋಡ್ಬೇಕು ಅಂದಿದ್ರೆ ನಮ್ಮನೇರು ಕಳಿಸ್ತಿದ್ರಾ? ಅಂಗಡಿ ಯಾರು ನೋಡ್ತಾರೆ, ದನಕ್ಕೆ ಯಾರು ಹಾಕ್ತಾರೆ, ಹೆಂಗಸ್ರಿಗೆ ಗೋವಾದಾಗೆ ಏನ್ ಕೆಲ್ಸ. ದೇಶದ ಮರ್ಯಾದೆ ಅಂದೆ ನೋಡು, ತಾವೇ ಬ್ಯಾಗ್ ಎತ್ತಿ ಗಾಡಿಗಿಟ್ರು. ನೀನು ಎಲ್ಲಿ ಬಾಯಿಬಿಟ್ಟು ಕೆಲ್ಸ ಕೆಡಿಸ್ತೀಯೋ ಅಂತ ನಮಗೆ ಹದಿನಾಲ್ಕು ದಿನದಿಂದ ನಿದ್ದೆಯಿಲ್ಲ. ನೀನು ಹೇಳಾಕೆ ಬಂದಾಗೆಲ್ಲ ಬಾಯಿಗೆ ಸಕ್ಕರೆ ಹಾಕಿದ್ದು ಯಾಕೆ ಅನ್ಕಂಡೆ?”

“ಟೀವಿಯಾಗೆ ಅವ್ರು ಆಟ ನೋಡಿದ್ರೆ?”

“ನಮ್ಮೂರಾಗೆ ಇರಾದು ನಮ್ಮ ಕೇಬಲ್ ಒಂದೇ” ಎಂದಳು ದೀಪಾ ಮುಂದಕ್ಕೆ ಬಾಗಿ. “ಹೊರಡೋ ಮುಂಚೆ ಡಬ್ಬಿ ಒಳಗಿಂದ ಒಂದು ಸಣ್ಣ ವೈರು ಕಿತ್ತು ಕುಂಕುಮದ ಭರಣಿಯಾಗೆ ಇಟ್ಟು ಬಂದಿದೀನಿ ನಾಗಕ್ಕ. ನಮ್ಮನೇರು ಎಷ್ಟು ಕಂಬ ಹತ್ತಿ ಇಳಿದ್ರೂ ಅದು ಸಿಗಲ್ಲ.”

“ಮೊಬೈಲಾಗೆ ನೋಡಿದ್ರೆ?”

“ಅದಕ್ಕೆ ದುಡ್ಡು ಕಟ್ಬೇಕಂತೆ. ಹೆಣ್ಮಕ್ಕಳ ಆಟ ನೋಡಾಕೆ ನಮ್ಮೂರ ಗಂಡಸ್ರು ದುಡ್ಡು ಕಟ್ತಾರಾ?”

“ತಿಪ್ಪೇಶ ಹೇಳಿದ್ರೆ?”

ಬಸಮ್ಮ ಮೊಬೈಲು ತೆಗೆದು ಟೋಪಿ ಹಾಕಿದ ತಿಪ್ಪೇಶನ ಫೋಟೋ ತೋರಿಸಿದಳು. “ಇದು ಅವನ ಹೆಂಡ್ತಿಗೆ ಹೋಗಬಾರ್ದು ಅಂದ್ರೆ ಅವನು ಏನೂ ಹೇಳಲ್ಲ.”

ನಾಗಕ್ಕ ಒಂದು ಕ್ಷಣ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಹುಡುಕಿದಳು. ಸಿಗಲಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗಿ ಒದ್ದ ಚೆಂಡು ಗೋಲಿನ ಮೇಲಿಂದ ಹಾರಿ ಅವರ ಕಡೆಗೇ ಬಂತು. ಹಳದಿ ಅಂಗಿ ಬಾಣದಂತೆ ಎದ್ದು, ಮಡಿಲಿನ ಚೆಂಡನ್ನು ಒಳಗೆ ಎಸೆದು, ಹೊರಗೆ ಬಂದದ್ದನ್ನು ಎರಡನೆಯ ಪುಟಿತಕ್ಕೆ ಹಿಡಿದು ಮತ್ತೆ ತನ್ನ ಜಾಗಕ್ಕೆ ಹೋಗಿ ಕುಳಿತಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ನೋಡ್ರೇ, ಅಷ್ಟು ಜನ ಸೇರ್ಕಂಡು ಒಂದು ಚೆಂಡು ಕಾಯಾಕಾಗ್ದೆ ಹೊರಗೆ ಬಿಡ್ತಾರೆ” ಎಂದಳು ಉಚ್ಚಂಗೆಮ್ಮ. ಹತ್ತನೆಯ ವರ್ಷದಿಂದ ಕುರಿ ಹಿಂದೆ ತಿರುಗಿದವಳು. “ತಪ್ಪಿಸ್ಕಂಡು ಬಂದದ್ದನ್ನ ಹಿಡಿದು ಒಳಗಾಕೋಳು ನಮ್ಮ ಹುಡುಗಿ ಒಬ್ಳೇ. ಇಷ್ಟು ಜನರಾಗೆ ಕುರಿ ಕಾಯಾಕೆ ಬರಾದು ಇವಳಿಗೇ ಕಣೇ.”

ಅಲ್ಲಿಂದ ಮುಂದೆ ಚೆಂಡು ಹೊರಗೆ ಬಂದಾಗಲೆಲ್ಲ ಎಂಟು ಹೆಂಗಸರು ಎದ್ದು ನಿಂತು ಕೇಕೆ ಹಾಕಿದರು. ಎದುರು ತಂಡ ಗೋಲು ಹೊಡೆದಾಗ ಇಡೀ ಮೈದಾನ ತಲೆ ಮೇಲೆ ಕೈಹೊತ್ತಿತು. ಇವರು ಚೆಂಡು ಹೊರಗೆ ಬರಲಿಲ್ಲವಲ್ಲ ಎಂದು ಬೇಸರಪಟ್ಟರು. ಸ್ವಲ್ಪ ಹೊತ್ತಿಗೆ ಸುತ್ತಲಿನ ಗೋವಾದ ಜನವೂ, ಇದೇನೋ ತಮಗೆ ತಿಳಿಯದ ನಿಯಮವಿರಬೇಕೆಂದು, ಜೊತೆಗೆ ಕೂಗತೊಡಗಿದರು. ನಾಗಕ್ಕ ಗಂಟಲು ಕಟ್ಟುವವರೆಗೆ ಕೂಗಿದಳು. ಉಣ್ಣೆ ಕತ್ತರಿಸಿಕೊಂಡ ಕುರಿಯಂತೆ ಮೈ ಹಗುರಾಗಿತ್ತು. ಆ ಊರಿನ ಆಕಾಶ, ದೀಪದ ಕಂಬಗಳು, ಮಗಳ ಓಟ ಎಲ್ಲವನ್ನೂ ಅವಳು ಬೆಳಗಿನಿಂದ ಮೊದಲ ಸಲ ಕಣ್ಣುಬಿಟ್ಟು ನೋಡಿದಳು. ನಮ್ಮವರು ಸೋತರು. ಎಂಟು ಜನರಿಗೂ ಅದು ಅಷ್ಟಾಗಿ ಗಮನಕ್ಕೆ ಬರಲಿಲ್ಲ.

ಆಟ ಮುಗಿದು ಗೇಟಿನ ಹೊರಗೆ ಕಾವ್ಯಳಿಗಾಗಿ ಕಾಯುತ್ತ ನಿಂತಾಗ ಬಸಮ್ಮ ಪೇಟದ ಸುಕ್ಕು ಬಿಡಿಸುತ್ತ ಹೇಳಿದಳು: “ಊರಾಗೆ ಮಾತ್ರ ಬಾಯಿ ಬಿಡಬ್ಯಾಡ. ಆಡಿದ್ಲು, ಚೆನ್ನಾಗಿ ಆಡಿದ್ಲು, ಅಷ್ಟೇ.”

“ಎಷ್ಟು ದಿನ ಅಕ್ಕ?”

“ಮುಂದಿನ ಸಲ ಎಲ್ಲಿ ನಡೀತದೋ ನೋಡ್ಬೇಕು. ಮುಂಬೈ ಆದ್ರೆ ಚೆನ್ನಾಗಿತ್ತು.”

ಇಳಿಸಬೇಕೆಂದು ಹೊತ್ತು ತಂದ ಮೂಟೆಯನ್ನು ಇವರೆಲ್ಲ ಸೇರಿ ತಲೆಯ ಮೇಲೆ ಇನ್ನೂ ಸರಿಯಾಗಿ ಕೂರಿಸುತ್ತಿದ್ದಾರೆ ಎಂದು ನಾಗಕ್ಕನಿಗೆ ಅನ್ನಿಸುತ್ತಿದ್ದಾಗಲೇ ಫೋನು ಬಂತು. ಮುದ್ದಣ್ಣ. ಹಿಂದೆ ಇಂಜಿನ್ನಿನ ಸದ್ದು, ಬಹಳ ಗಂಡಸರ ಗದ್ದಲ.

“ಲೇ ನಾಗಿ, ಎಲ್ಲಿದೀರಿ?”

“ಇಲ್ಲೇ ಗೇಟಿನ ಹತ್ರ. ನೀವು?”

“ಘಾಟಿ ಇಳೀತಾ ಇದೀವಿ.”

“ಯಾವ ಘಾಟಿ?”

“ಗೋವಾ ಘಾಟಿ ಕಣೆ. ನಿನ್ನೆ ಸಂಜೆಯಿಂದ ಕೇಬಲ್ ಹೋಗೈತೆ. ಮಂಜಣ್ಣ ಕಂಬ ಹತ್ತಿ ಹತ್ತಿ ಸಾಕಾಗಿ ಕುಂತ. ನಮ್ಮೂರ ಹುಡುಗಿ ಆಡಾದ ನಾವೇ ನೋಡ್ದಿದ್ರೆ ಹೆಂಗೆ ಅಂತ ಶಿವಕುಮಾರಪ್ಪಾರು ಬೆಳಗಿನ ಜಾವ ಕುರಿ ಲಾರಿ ಹೊರಡಿಸಿದ್ರು. ಇವತ್ತಿಂದು ತಪ್ಪಿತು, ನಾಡಿದ್ದು ಇನ್ನೊಂದು ಮ್ಯಾಚ್ ಐತಂತೆ, ಪೇಪರಾಗೆ ಹಾಕ್ಯಾರೆ. ನೋಡ್ಕಂಡೇ ಬರಾದು. ಇಪ್ಪತ್ತೊಂದು ಜನ ಇದೀವಿ.”

ನಾಗಕ್ಕ ಫೋನಿಗೆ ಕೈ ಅಡ್ಡ ಹಿಡಿದು ಸುದ್ದಿ ಹೇಳಿದಳು. ಶಿವಕುಮಾರಪ್ಪ ಬಸಮ್ಮನ ಮನೆಯವರು. ಬಸಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅವಳ ಮಾತು ನಿಂತದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ದೀಪಾ ಮೊದಲ ಸಲ ನಗುವುದನ್ನು ಮರೆತಿದ್ದಳು. ಎಲ್ಲರ ಕಣ್ಣೂ ನಾಗಕ್ಕನ ಮೇಲೆ ಬಿದ್ದವು.

“ನೀನೇ ಏನಾದ್ರೂ ಹೇಳು” ಎಂದು ಬಸಮ್ಮ ಪಿಸುಗುಟ್ಟಿದಳು. “ನಮ್ಮ ಮಾತು ನಂಬಲ್ಲ ಅವ್ರು. ನೀನು ಸುಳ್ಳು ಹೇಳಿದ್ದು ಊರಾಗೆ ಯಾರೂ ಕೇಳಿಲ್ಲ.”

ನಾಗಕ್ಕ ಕಣ್ಣು ಮುಚ್ಚಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲನೆಯ ಸಲ ಗಂಡನಿಗೆ, ಅರ್ಧವಲ್ಲದ, ಪೂರ್ತಿ ಸುಳ್ಳೊಂದನ್ನು ಹೇಳಿದಳು.

“ರೀ, ನೀವು ಬರಬ್ಯಾಡ್ರಿ. ಕಾವ್ಯನ ಕಾಲು ಉಳುಕೈತೆ. ಒಂದು ಹೆಜ್ಜೆ ಇಡಾಕಾಗ್ತಿಲ್ಲ. ನಾಡಿದ್ದು ಆಡಲ್ಲ.”

ಆ ಕಡೆಯಿಂದ ಮುದ್ದಣ್ಣನ ಧ್ವನಿ, ಧೈರ್ಯ ತುಂಬುವ ಧ್ವನಿ: “ನೀನು ಗಾಬರಿ ಆಗಬ್ಯಾಡ. ಕುರಿಗೆಲ್ಲ ಕಾಲು ಕೂರಿಸ್ತಾನಲ್ಲ ಹನುಮಂತಪ್ಪ, ಲಾರಿಯಾಗೆ ನನ್ನ ಪಕ್ಕನೇ ಕುಂತವ್ನೆ. ಎಣ್ಣೆ, ಪಟ್ಟಿ, ಬಿದಿರ ದಬ್ಬೆ ಎಲ್ಲ ಚೀಲದಾಗೇ ಐತಂತೆ. ಎರಡು ತಾಸಿಗೆ ಬಂದ್ವಿ. ಅಲ್ಲಿಗಂಟ ಹುಡುಗಿ ಕಾಲು ಅಲ್ಲಾಡಿಸ್ದಂಗೆ ಹಿಡ್ಕಂಡಿರ್ರಿ.”

ಫೋನು ಕಟ್ಟಾಯಿತು. ಗೇಟಿನೊಳಗಿಂದ ಕಾವ್ಯಶ್ರೀ, ಕಟ್ಟೆ ಹಾರಿ, ಹಗ್ಗ ಹಾರಿ, ಒಂದೊಂದು ನೆಗೆತಕ್ಕೆ ಮೂರು ಮೂರು ಮೆಟ್ಟಿಲು ದಾಟುತ್ತ, “ಅವ್ವಾ” ಎಂದು ಓಡಿಬರುತ್ತಿದ್ದಳು.